ಹಿಂದೆ ಸರಿಯುವ ಕಾರಿಗೆ ಎಷ್ಟು ಬೆಳಕು ಬೇಕು?

ಕತ್ತಲಲ್ಲಿ ಕಾರನ್ನು ಮುಂದಕ್ಕೆ ಓಡಿಸುವಾಗ ಸಿಗುವ ಬೆಳಕಿಗೂ ಅದೇ ಕಾರನ್ನು ಹಿಂದಕ್ಕೆ ತೆಗೆಯುವಾಗ ಸಿಗುವ ಬೆಳಕಿಗೂ ಎಷ್ಟು ಅಂತರವಿದೆ ಎಂಬುದನ್ನು ಬಹುಪಾಲು ಮಾಲೀಕರು ಲೆಕ್ಕ ಹಾಕಿ ನೋಡಿರುವುದಿಲ್ಲ. ರಸ್ತೆಗಳಲ್ಲಿ ಇಂದಿಗೂ ಹೇರಳವಾಗಿ ಕಾಣುವ ಎಚ್4 ಮಾದರಿಯ ಹ್ಯಾಲೊಜೆನ್ ಹೆಡ್‌ಲೈಟ್ ಬಲ್ಬು ಹೈಬೀಮಿನಲ್ಲಿ 1,650 ಲುಮೆನ್, ಡಿಮ್ ಮಾಡಿದಾಗ 1,000 ಲುಮೆನ್ ಬೆಳಕು ಕೊಡುತ್ತದೆ ಮತ್ತು ಅಂಥ ಬಲ್ಬುಗಳು ಕಾರಿನ ಮುಂದೆ ಎರಡಿರುತ್ತವೆ. ಲುಮೆನ್ ಎಂದರೆ ದೀಪವೊಂದು ಎಲ್ಲ ದಿಕ್ಕುಗಳಿಗೂ ಸೇರಿ ಹೊರಸೂಸುವ ಒಟ್ಟು ಬೆಳಕಿನ ಅಳತೆ. ಹಿಂಭಾಗದ ರಿವರ್ಸ್ ಲೈಟಿನಲ್ಲಿ ಸಾಮಾನ್ಯವಾಗಿ ಇರುವ 21 ವ್ಯಾಟಿನ ಬಲ್ಬಿನದು 460 ಲುಮೆನ್, ಹೊಸ ಮಾದರಿಗಳಲ್ಲಿ ಬಳಸುವ 16 ವ್ಯಾಟಿನ ಸಣ್ಣ ಬಲ್ಬಿನದು 310 ಲುಮೆನ್ ಅಷ್ಟೇ. ಕೆಲವು ಚಿಕ್ಕ ಕಾರುಗಳಲ್ಲಿ ಅದೂ ಒಂದೇ ಬದಿಗೆ ಇರುತ್ತದೆ. ರಿವರ್ಸ್ ಗೇರಿನಲ್ಲಿ ವೇಗ ಕಡಿಮೆ, ಹೋಗುವ ದೂರವೂ ಕಡಿಮೆ ಎಂಬ ಕಾರಣಕ್ಕೆ ತಯಾರಕರು ಇಷ್ಟು ಸಾಕೆಂದು ತೀರ್ಮಾನಿಸಿದ್ದಾರೆ. ಹೊಸ ಕಾರಿನ ಮಟ್ಟಿಗೆ ಆ ತೀರ್ಮಾನ ತಪ್ಪಲ್ಲ; ಆದರೆ ಹತ್ತು ಹದಿನೈದು ವರ್ಷ ಓಡಿದ ಕಾರು, ಮರಗಳ ನೆರಳಿನ ಇಕ್ಕಟ್ಟಾದ ಬೀದಿ ಮತ್ತು ವಯಸ್ಸಾದ ಚಾಲಕರು ಒಂದೆಡೆ ಸೇರಿದಾಗ ಆ ಲೆಕ್ಕ ತಲೆಕೆಳಗಾಗುತ್ತದೆ.

ಈ ಮೂರೂ ಒಟ್ಟಿಗೆ ಕಾಣಸಿಗುವ ಜಾಗಗಳಲ್ಲಿ ಮೈಸೂರಿನ ಲಕ್ಷ್ಮೀಪುರಂ ಒಂದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಪ್ಲೇಗು ಹಳೆಯ ಮೈಸೂರಿನ ಕಿಕ್ಕಿರಿದ ಕೇರಿಗಳನ್ನು ಕಾಡಿದ ಮೇಲೆ, 1903ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ ಕಾಲದಲ್ಲಿ ಗಾಳಿ ಬೆಳಕು ಧಾರಾಳವಾಗಿರುವ ಬಡಾವಣೆಗಳನ್ನು ಕಟ್ಟುವ ಆಲೋಚನೆ ಗಟ್ಟಿಯಾಯಿತು. ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂಗಳ ನೇರ ಬೀದಿಗಳಲ್ಲಿಯೂ ಮನೆಗಳ ಹಿತ್ತಿಲಿಗೆ ಹೊಂದಿಕೊಂಡ ಕನ್ಸರ್ವೆನ್ಸಿ ಗಲ್ಲಿಗಳಲ್ಲಿಯೂ ಆ ಆಲೋಚನೆಯ ಗುರುತು ಇಂದಿಗೂ ಉಳಿದಿದೆ. ಪಾಯಿಖಾನೆಯ ಮಲವನ್ನೂ ಕಸವನ್ನೂ ಮನೆಯ ಹಿಂಬದಿಯಿಂದಲೇ ಸಾಗಿಸುವುದಕ್ಕೆಂದು ಬಿಟ್ಟ ಈ ಗಲ್ಲಿಗಳನ್ನು ರೂಪಿಸಿದವರ ಕಣ್ಣ ಮುಂದೆ ಮೋಟಾರು ಕಾರು ಇರಲಿಲ್ಲ. ಮೈಸೂರಿಗೆ ವಿದ್ಯುತ್ ದೀಪ ಬಂದದ್ದೇ 1908ರಲ್ಲಿ. ಹೀಗೆ ಜಟಕಾ ಮತ್ತು ಸೈಕಲ್ಲುಗಳ ಕಾಲದ ಅಳತೆಗೆ ಬಿಟ್ಟ ಗೇಟುಗಳಿಂದ ಇಂದು ಕಾರುಗಳು ಹಿಂದಕ್ಕೆ ಹೊರಬರುತ್ತವೆ, ಗಲ್ಲಿಗೆ ನುಗ್ಗಿ ತಿರುಗಿಸಲು ಜಾಗವಿಲ್ಲದ ಕಾರುಗಳು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುತ್ತವೆ, ಬಲ್ಲಾಳ್ ವೃತ್ತದಿಂದ ನಂಜುಮಳಿಗೆಯವರೆಗಿನ ಅಡ್ಡರಸ್ತೆಗಳ ಎರಡೂ ಬದಿಗೆ ನಿಂತ ವಾಹನಗಳ ನಡುವಿನ ಕಿರಿದಾದ ಓಣಿಯಲ್ಲಿ ಎದುರಿನಿಂದ ಬಂದವರಿಗೆ ಜಾಗ ಬಿಡಲು ಯಾರಾದರೊಬ್ಬರು ರಿವರ್ಸ್ ಹೋಗಲೇಬೇಕಾಗುತ್ತದೆ.

ಬೀದಿದೀಪ ಇದೆಯಲ್ಲ ಎಂಬ ಮಾತು ಇಲ್ಲಿ ಪೂರ್ತಿ ಸಲ್ಲುವುದಿಲ್ಲ. ರಸ್ತೆ ದೀಪಗಳ ಬಗೆಗಿನ ಭಾರತೀಯ ಮಾನಕ ಐಎಸ್ 1944, ಸಾಕಷ್ಟು ಸಂಚಾರವಿರುವ ಒಳರಸ್ತೆಗಳಿಗೆ ಸರಾಸರಿ 8 ಲಕ್ಸ್, ಸಂಚಾರ ಕಡಿಮೆ ಇರುವಲ್ಲಿ 4 ಲಕ್ಸ್ ಬೆಳಕು ಇರಬೇಕೆಂದು ಹೇಳುತ್ತದೆ. ಲಕ್ಸ್ ಎಂದರೆ ಒಂದು ಚದರ ಮೀಟರ್ ಮೇಲ್ಮೈ ಮೇಲೆ ಬೀಳುವ ಲುಮೆನ್‌ಗಳ ಸಂಖ್ಯೆ. ಇದು ಸರಾಸರಿ ಮಾತ್ರ. ಕಂಬದ ಬುಡದಲ್ಲಿ ಹೆಚ್ಚು, ಎರಡು ಕಂಬಗಳ ನಡುವೆ ಕಡಿಮೆ, ದೀಪಕ್ಕಿಂತ ಎತ್ತರಕ್ಕೆ ಬೆಳೆದ ಮರದ ಕೊಂಬೆಗಳ ಕೆಳಗೆ ಇನ್ನೂ ಕಡಿಮೆ. ಹಳೆಯ ಬಡಾವಣೆಯ ಮರಗಳು ಮೈಸೂರಿನ ಆಸ್ತಿಯಾಗಿರುವುದರಿಂದ ಅವುಗಳನ್ನು ಕಡಿದು ಬೆಳಕು ತರುವ ಮಾತಿಗೆ ಅರ್ಥವಿಲ್ಲ. ಕತ್ತಲು ಇರುವಲ್ಲಿ ವಾಹನವೇ ತನ್ನ ಹಿಂದಿನ ನೆಲಕ್ಕೆ ಬೆಳಕು ಕೊಡಬೇಕು.

ಆ ಬೆಳಕು ಯಾರ ಕಣ್ಣಿಗೆ ಎಂಬುದೂ ಮುಖ್ಯ. ನಿವೃತ್ತರ ನೆಚ್ಚಿನ ಊರೆಂದು ಮೈಸೂರಿಗೆ ಹೆಸರಿದೆ, ಹಳೆಯ ಬಡಾವಣೆಗಳಲ್ಲಿ ಅರವತ್ತು ದಾಟಿದ ಚಾಲಕರು ಸಾಕಷ್ಟು ಮಂದಿ ಇದ್ದಾರೆ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿಯೂ ಮೊದಲಿನಷ್ಟು ಹಿಗ್ಗುವುದಿಲ್ಲ, ಒಳಗಿನ ಮಸೂರ ಹಳದಿಗೆ ತಿರುಗಿ ಬೆಳಕನ್ನು ತಡೆಯುತ್ತದೆ. ಇವೆರಡರ ಪರಿಣಾಮವಾಗಿ ಅರವತ್ತರ ಕಣ್ಣಿನ ಅಕ್ಷಿಪಟಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಎಂದು ದೃಷ್ಟಿವಿಜ್ಞಾನ ಹೇಳುತ್ತದೆ. ಇದಲ್ಲದೆ ಕಣ್ಣು ಕತ್ತಲಿಗೆ ಪೂರ್ಣವಾಗಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಾಗುತ್ತದೆ. ದೀಪ ಉರಿಯುವ ಪಡಸಾಲೆಯಿಂದ ಹೊರಬಂದು ಕೂಡಲೇ ಕಾರು ತೆಗೆಯುವವರಿಗೆ ಆ ಅವಕಾಶವೂ ಇರುವುದಿಲ್ಲ. ಮೊಮ್ಮಗನಿಗೆ ಸಾಕಾಗುವ ರಿವರ್ಸ್ ಲೈಟು ತಾತನಿಗೆ ಸಾಲದು ಎನ್ನುವುದು ಹಿರಿಯರ ಗೊಣಗಾಟವಲ್ಲ, ಕಣ್ಣಿನ ರಚನೆಯಿಂದಲೇ ಬಂದ ಸಂಗತಿ.

ಕಾರಿನ ಹಿಂದೆ ಇರುವುದು ಕೇವಲ ಗೋಡೆ, ಕಂಬಗಳಾಗಿದ್ದರೆ ಬಂಪರಿಗೆ ಆಗುವ ಗೀರಿನಲ್ಲಿ ವಿಷಯ ಮುಗಿಯುತ್ತಿತ್ತು. ಆದರೆ ಅಲ್ಲಿ ಮಕ್ಕಳೂ ಇರಬಹುದು. ಅಮೆರಿಕದಲ್ಲಿ 2002ರಲ್ಲಿ ಕ್ಯಾಮರಾನ್ ಗುಲ್‌ಬ್ರಾನ್ಸನ್ ಎಂಬ ಎರಡು ವರ್ಷದ ಮಗು, ಮನೆಯ ಮುಂದೆಯೇ ತಂದೆ ಹಿಂದಕ್ಕೆ ತೆಗೆಯುತ್ತಿದ್ದ ವಾಹನಕ್ಕೆ ಸಿಕ್ಕಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ 2008ರಲ್ಲಿ ಕಾನೂನು ಬಂದು, ಅದರ ಫಲವಾಗಿ 2018ರ ಮೇ ತಿಂಗಳಿನಿಂದ ಅಲ್ಲಿನ ಹೊಸ ಕಾರುಗಳಿಗೆ ಹಿಂಬದಿಯ ಕ್ಯಾಮೆರಾ ಕಡ್ಡಾಯವಾಯಿತು. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ಈ ಸೆನ್ಸರು ಕಿವಿಗೆ ಕೇಳಿಸದ ಶ್ರವಣಾತೀತ ಶಬ್ದವನ್ನು ಹೊರಡಿಸಿ, ಅಡ್ಡ ಬಂದ ವಸ್ತುವಿನಿಂದ ಮರಳುವ ಪ್ರತಿಧ್ವನಿಯನ್ನು ಅಳೆದು ಬೀಪ್ ಸದ್ದು ಮಾಡುತ್ತದೆ. ಎದ್ದು ನಿಂತ ವಸ್ತುವನ್ನು ಗುರುತಿಸುವ ಅದಕ್ಕೆ ತಗ್ಗು ಗೊತ್ತಾಗುವುದಿಲ್ಲ. ಗೇಟಿನ ಮುಂದಿನ ಚರಂಡಿಯ ಮೇಲೆ ಹಾಸಿದ ಎರಡು ಚಪ್ಪಡಿಗಳಲ್ಲಿ ಒಂದು ಸರಿದು ಗಾಲಿ ಇಳಿಯುವಷ್ಟು ಬಾಯಿ ತೆರೆದುಕೊಂಡಿದ್ದರೆ ಸೆನ್ಸರು ಮೌನವಾಗಿಯೇ ಇರುತ್ತದೆ. ಅದನ್ನು ಕಾಣುವುದು ಬೆಳಕು ಬಿದ್ದಾಗ ಕಣ್ಣು, ಇಲ್ಲವೇ ಕ್ಯಾಮೆರಾ. ಕ್ಯಾಮೆರಾ ಕೂಡ ಬೆಳಕಿಲ್ಲದಿದ್ದರೆ ಕಾಳುಕಾಳಾದ ಮಸುಕು ಚಿತ್ರವನ್ನಷ್ಟೇ ತೋರಿಸುತ್ತದೆ. ಆದ್ದರಿಂದ ಸೆನ್ಸರು, ಕ್ಯಾಮೆರಾಗಳು ಬಂದ ಮೇಲೆ ರಿವರ್ಸ್ ಲೈಟಿನ ಮಹತ್ವ ಕಡಿಮೆಯಾಗಿದೆ ಎಂಬ ಎಣಿಕೆ ಸರಿಯಲ್ಲ.

ರಿವರ್ಸ್ ಲೈಟನ್ನು ಉತ್ತಮಪಡಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗಿ ಹೊಸ ಬಲ್ಬು ಕೇಳುತ್ತಾರೆ. ಅದಕ್ಕೂ ಮೊದಲು ಇರುವ ದೀಪ ತನ್ನ ಪೂರ್ತಿ ಬೆಳಕನ್ನು ಕೊಡುತ್ತಿದೆಯೇ ಎಂದು ನೋಡಬೇಕು, ಏಕೆಂದರೆ ತಂತಿ ಉರಿಯುವ ಬಲ್ಬಿನ ಬೆಳಕು ಅದಕ್ಕೆ ಸಿಗುವ ವೋಲ್ಟೇಜಿನ ಅನುಪಾತದಲ್ಲಿ ಕುಗ್ಗುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಗ್ಗುತ್ತದೆ. ವೋಲ್ಟೇಜು ಇಳಿದಷ್ಟೂ ತಂತಿಯ ಉಷ್ಣತೆ ಇಳಿಯುತ್ತದೆ, ಉಷ್ಣತೆ ಇಳಿದಂತೆ ಅದು ಕೊಡುವ ಕಾಣುವ ಬೆಳಕು ತೀವ್ರವಾಗಿ ಕಡಿಮೆಯಾಗಿ ಕೆಂಪಿಗೆ ತಿರುಗುತ್ತದೆ; ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸೂತ್ರ. ಅದರ ಪ್ರಕಾರ ವೋಲ್ಟೇಜು ಶೇಕಡ 10ರಷ್ಟು ಇಳಿದರೆ ಬೆಳಕು ಶೇಕಡ 30ರಷ್ಟು ಇಳಿಯುತ್ತದೆ. ಎಂಜಿನ್ ಓಡುವಾಗ ಬಲ್ಬಿಗೆ 13.5 ವೋಲ್ಟ್ ಸಿಗಬೇಕಾದಲ್ಲಿ 12 ವೋಲ್ಟ್ ಮಾತ್ರ ಸಿಕ್ಕರೆ ಮೂರರಲ್ಲಿ ಒಂದು ಪಾಲು ಬೆಳಕು ದಾರಿಯಲ್ಲೇ ಕಳೆದುಹೋದಂತೆ.

ಆ ಒಂದೂವರೆ ವೋಲ್ಟ್ ಎಲ್ಲಿ ಸೋರಿತು ಎಂಬುದನ್ನು ಡಿಕ್ಕಿಯ ಬಾಗಿಲೆತ್ತಿ, ಟೈಲ್ ಲ್ಯಾಂಪಿನ ಸ್ಕ್ರೂ ಬಿಚ್ಚಿ, ಹೋಲ್ಡರನ್ನು ಕಾಲು ಸುತ್ತು ತಿರುಗಿಸಿ ಹೊರತೆಗೆದರೆ ಅಲ್ಲಿಯೇ ಕಾಣಬಹುದು. ಬಲ್ಬಿನ ಬುಡದ ಸೀಸದ ಬೊಟ್ಟು ತಗುಲುವ ಹಿತ್ತಾಳೆಯ ಪಟ್ಟಿ ಕಪ್ಪಾಗಿರುತ್ತದೆ ಅಥವಾ ಹಸಿರು ಕಿಲುಬು ಹಿಡಿದಿರುತ್ತದೆ. ಪಟ್ಟಿಯ ಹಿಂದಿನ ಸ್ಪ್ರಿಂಗು ಬಿಸಿಗೆ ಸೋತು ಬಲ್ಬನ್ನು ಬಿಗಿಯಾಗಿ ಒತ್ತುವುದಿಲ್ಲ. ಪ್ಲಾಸ್ಟಿಕ್ಕಿನ ಅಂಚು ಕಂದಿ ಕರಗಿರುತ್ತದೆ. ಬಲ್ಬಿನ ಗಾಜಿನ ಒಳಮೈಗೆ ಬೂದುಬಣ್ಣದ ಮಸಿ ಹತ್ತಿದ್ದರೆ ಅದು ಆವಿಯಾಗಿ ಹಾರಿದ ಟಂಗ್‌ಸ್ಟನ್. ಅಂಥ ಬಲ್ಬು ಉರಿಯುತ್ತಿದ್ದರೂ ಅದರ ಆಯುಸ್ಸು ಮುಗಿದಿದೆ ಎಂದು ತಿಳಿಯಬೇಕು. ಹೋಲ್ಡರಿನಿಂದ ಹೊರಟ ಕಪ್ಪು ಅಥವಾ ಕಂದು ವೈರು ಕಾರಿನ ಬಾಡಿಗೆ ಬೋಲ್ಟ್ ಆಗುವ ಜಾಗವೇ ಅರ್ಥ್. ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ ಅದು. ಮಳೆಗಾಲದ ನೀರು ಡಿಕ್ಕಿಯ ಮೂಲೆಗೆ ಇಳಿಯುವ ಹಳೆಯ ಕಾರುಗಳಲ್ಲಿ ಈ ಬೋಲ್ಟಿನ ಸುತ್ತ ತುಕ್ಕು ಹಿಡಿದು, ಬ್ರೇಕ್ ಒತ್ತಿದರೆ ರಿವರ್ಸ್ ಲೈಟು ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಬೇರೆ ದೀಪ ಮಿಣುಕುವುದು ಮುಂತಾದ ವಿಚಿತ್ರಗಳು ಕಾಣಿಸಿಕೊಳ್ಳುತ್ತವೆ. ಆಟೊ ಎಲೆಕ್ಟ್ರಿಷಿಯನ್ನರು ಮೀಟರಿನ ಒಂದು ಮೊನೆಯನ್ನು ಹೋಲ್ಡರಿನ ಅರ್ಥ್ ಕಡೆಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಡೆಗೂ ಹಿಡಿದು, ದೀಪ ಉರಿಯುತ್ತಿರುವಾಗಲೇ ಅಳೆಯುತ್ತಾರೆ. ಸೊನ್ನೆಗೆ ಹತ್ತಿರ ಬರಬೇಕಾದ ಆ ಅಳತೆ ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ ಎಂದರ್ಥ. ಮರಳುಕಾಗದದಿಂದ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರುವ ಈ ಕೆಲಸಕ್ಕೆ ತಗಲುವ ಖರ್ಚು ಅತ್ಯಲ್ಪ. ಜಾಹೀರಾತಿನ ಯಾವ ದುಬಾರಿ ಬಲ್ಬಿಗಿಂತಲೂ ಮೊದಲು ಮಾಡಬೇಕಾದ ಸುಧಾರಣೆ ಇದೇ.

ಲೆನ್ಸಿನ ಸ್ಥಿತಿಯೂ ಇಷ್ಟೇ ಮುಖ್ಯ. ಹಿಂದಿನ ದೀಪದ ಬಿಳಿ ಭಾಗ ಸಾಮಾನ್ಯವಾಗಿ ಅಕ್ರಿಲಿಕ್ ಪ್ಲಾಸ್ಟಿಕ್ಕಿನದು. ಒಣಬಟ್ಟೆಯಿಂದ ಧೂಳು ಒರೆಸಿ ಒರೆಸಿ ಅದರ ಮೇಲೆ ಕೂದಲೆಳೆಯಂಥ ಗೀರುಗಳು ತುಂಬಿ ಬೆಳಕು ಚದುರುತ್ತದೆ. ಗ್ಯಾಸ್ಕೆಟ್ ಹಳೆಯದಾಗಿದ್ದರೆ ಒಳಗೆ ಹಬೆ ಕಟ್ಟಿ, ಪ್ರತಿಫಲಕದ ಬೆಳ್ಳಿಬಣ್ಣದ ಲೇಪ ಸುಲಿದು ಬರುತ್ತದೆ. ಹೊರಗಿನ ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು, ಪ್ರತಿಫಲಕ ಕೆಟ್ಟಿದ್ದರೆ ಇಡೀ ದೀಪವನ್ನೇ ಬದಲಿಸದೆ ಬೇರೆ ದಾರಿಯಿಲ್ಲ. ಹಿಂದಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿಕೊಂಡು ರಿವರ್ಸ್ ಲೈಟಿಗೆ ಶಕ್ತಿ ಸಾಲದು ಎನ್ನುವುದಂತೂ ತೀರಾ ತಪ್ಪು ಲೆಕ್ಕ. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇಕಡ 70ರಷ್ಟು ಬೆಳಕು ಹಾಯಬೇಕೆಂಬುದು ನಿಯಮ, ಕಪ್ಪು ಫಿಲ್ಮುಗಳ ವಿರುದ್ಧ ಸುಪ್ರೀಂ ಕೋರ್ಟು 2012ರಲ್ಲಿಯೇ ಕಟ್ಟುನಿಟ್ಟಿನ ಆದೇಶ ಕೊಟ್ಟಿತ್ತು. ಶೇಕಡ 30ರಷ್ಟೇ ಬೆಳಕು ಬಿಡುವ ಗಾಜಿನ ಹಿಂದೆ ಕುಳಿತವರಿಗೆ ನೆಲದ ಮೇಲೆ ಎಷ್ಟೇ ಬೆಳಕು ಬಿದ್ದರೂ ಅದರಲ್ಲಿ ಕಣ್ಣಿಗೆ ಬರುವುದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಬೆಳಕು ಸಾಲದು ಎನ್ನಿಸಿದರೆ ಬಲ್ಬಿನ ಮಾತು ಬರುತ್ತದೆ. ಅಂಗಡಿಯಲ್ಲಿ ಸಿಂಗಲ್ ಕಾಂಟ್ಯಾಕ್ಟ್ ಎಂದು ಕೇಳಿ ಪಡೆಯುವ 21 ವ್ಯಾಟಿನ ಬಲ್ಬಿಗೆ ಬುಡದಲ್ಲಿ ಒಂದೇ ಬೊಟ್ಟು, ಎದುರುಬದುರಾಗಿ ಎರಡು ಮೊಳೆ ಇರುತ್ತವೆ; ಬ್ರೇಕ್ ಮತ್ತು ಟೈಲ್ ಎರಡಕ್ಕೂ ಒಂದೇ ಆಗಿರುವ ಡಬಲ್ ಕಾಂಟ್ಯಾಕ್ಟ್ ಬಲ್ಬಿಗೆ ಎರಡು ಬೊಟ್ಟು, ಮೊಳೆಗಳು ಹೆಚ್ಚುಕಡಿಮೆ ಎತ್ತರದಲ್ಲಿ; ಇಂಡಿಕೇಟರಿನ ಕಿತ್ತಳೆ ಬಲ್ಬಿನ ಮೊಳೆಗಳು ಓರೆಯಾಗಿ ಕೂತಿರುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದೆಂದೇ ಈ ವ್ಯತ್ಯಾಸ ಮಾಡಲಾಗಿದೆ, ಆದ್ದರಿಂದ ಒತ್ತಿ ತುರುಕುವ ಪ್ರಯತ್ನ ಕೂಡದು. 16 ವ್ಯಾಟಿನದು ಲೋಹದ ಬುಡವಿಲ್ಲದ, ಗಾಜಿನ ಬುಡವನ್ನೇ ಒತ್ತಿ ಕೂರಿಸುವ ಬಲ್ಬು.

ಇವುಗಳ ಜಾಗಕ್ಕೆ ಈಗ ಎಲ್ಲೆಡೆ ಎಲ್‌ಇಡಿ ಬಲ್ಬುಗಳು ಬರುತ್ತಿವೆ. ನೀಲಿ ಬೆಳಕು ಕೊಡುವ ಅರೆವಾಹಕದ ಚಿಪ್ಪಿನ ಮೇಲೆ ಹಳದಿ ಹೊಳೆಯುವ ಫಾಸ್ಫರ್ ಎಂಬ ವಸ್ತುವಿನ ಲೇಪ ಕೊಟ್ಟು ಬಿಳಿ ಬೆಳಕು ಪಡೆಯುವ ಈ ತಂತ್ರಕ್ಕೆ ನೀಲಿ ಎಲ್‌ಇಡಿಯೇ ಅಡಿಪಾಯ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಬಲ್ಬಿನ ತಂತಿ ತನಗೆ ಸಿಕ್ಕ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆಯುತ್ತದೆ, ಎಲ್‌ಇಡಿ ಅದೇ ಬೆಳಕನ್ನು ಕೆಲವೇ ವ್ಯಾಟುಗಳಲ್ಲಿ ಕೊಡುತ್ತದೆ. ಜೊತೆಗೆ ಅದರ ಬಲ್ಬಿನೊಳಗೆ ವಿದ್ಯುತ್ ಪ್ರವಾಹವನ್ನು ಸ್ಥಿರವಾಗಿಡುವ ಸಣ್ಣ ಮಂಡಲವಿದ್ದರೆ, ಒಂದೆರಡು ವೋಲ್ಟ್ ಏರುಪೇರಾದರೂ ಬೆಳಕು ಮಂಕಾಗುವುದಿಲ್ಲ. ಇವು ನಿಜವಾದ ಲಾಭಗಳು. ಆದರೆ ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಅಚ್ಚಾದ ಲುಮೆನ್ ಸಂಖ್ಯೆಯೊಂದನ್ನೇ ನೋಡಿ ಕೊಂಡುಕೊಳ್ಳುವುದು ತಪ್ಪು.

ಇದಕ್ಕೆ ಕಾರಣ ದೀಪದ ಒಳಗಿನ ಜ್ಯಾಮಿತಿಯಲ್ಲಿದೆ. ರಿವರ್ಸ್ ಲೈಟಿನ ಪ್ರತಿಫಲಕದ ಬಾಗು ಮತ್ತು ಲೆನ್ಸಿನ ಗೆರೆಗಳನ್ನು, ಬಲ್ಬಿನೊಳಗೆ ನಿರ್ದಿಷ್ಟ ಎತ್ತರದಲ್ಲಿರುವ ಪುಟ್ಟ ತಂತಿಯನ್ನು ಲೆಕ್ಕದಲ್ಲಿಟ್ಟು ರೂಪಿಸಲಾಗಿರುತ್ತದೆ. ಆ ಜಾಗದಿಂದ ಹೊರಟ ಬೆಳಕು ಪ್ರತಿಫಲಕಕ್ಕೆ ಬಡಿದು ನೆಲದ ಕಡೆಗೂ ಎರಡು ಪಕ್ಕಗಳಿಗೂ ಹರಡಬೇಕು. ಎಲ್‌ಇಡಿ ಬಲ್ಬಿನ ಚಿಪ್ಪುಗಳು ಆ ತಂತಿಯ ಎತ್ತರದಲ್ಲಿ, ಸುತ್ತಲೂ ಮುಖಮಾಡಿ ಕೂತಿದ್ದರೆ ಹರಡುವಿಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಚಿಪ್ಪುಗಳೆಲ್ಲ ತುದಿಯಲ್ಲೇ ಕೂತಿದ್ದರೆ ಪ್ರತಿಫಲಕಕ್ಕೆ ಬೆಳಕೇ ತಲುಪದೆ, ಹಿಂದೆ ನಿಂತವರ ಕಣ್ಣಿಗೆ ನೇರವಾಗಿ ಹೊಡೆಯುವ ಚುಕ್ಕೆಯೊಂದು ಉಂಟಾಗುತ್ತದೆ, ನೆಲ ಮೊದಲಿಗಿಂತ ಕತ್ತಲಾಗಿಯೇ ಉಳಿಯುತ್ತದೆ. ಕಾರಿನ ಹಿಂದೆ ನಿಂತು ದೀಪವನ್ನೇ ದಿಟ್ಟಿಸಿ ಎಷ್ಟು ಹೊಳೆಯುತ್ತಿದೆ ಎಂದು ಮೆಚ್ಚುವವರು ಮರೆಯುವುದು ಇದನ್ನೇ. ನೋಡಬೇಕಾದದ್ದು ದೀಪವನ್ನಲ್ಲ, ಚಾಲಕನ ಸೀಟಿನಿಂದ ನೆಲವನ್ನು.

ಬಣ್ಣದ ವಿಷಯದಲ್ಲಿಯೂ ಆಯ್ಕೆ ಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್ ಮಾನದಲ್ಲಿ ಹೇಳುವುದು ರೂಢಿ. ತಂತಿ ಬಲ್ಬಿನ ಹಳದಿ ಛಾಯೆಯ ಬೆಳಕು ಸುಮಾರು 2,800 ಕೆಲ್ವಿನ್, ಹಗಲಿನ ಬೆಳಕು 5,500ರ ಆಸುಪಾಸು, ಮಾರುಕಟ್ಟೆಯ ಹಲವು ಎಲ್‌ಇಡಿಗಳದು 6,000 ಅಥವಾ ಅದಕ್ಕೂ ಮೇಲೆ. ದಸರೆಯಲ್ಲಿ ಅರಮನೆಯ ಸಾವಿರಾರು ತಂತಿ ಬಲ್ಬುಗಳ ಹೊಂಬಣ್ಣಕ್ಕೆ ಮನಸೋತ ಊರಿಗೆ ಹಳದಿ ಬೆಳಕು ಇಷ್ಟವಾಗುವುದು ಸಹಜವೇ, ಆದರೆ ಚರಂಡಿಯ ಅಂಚನ್ನೂ ಬೂದುಬಣ್ಣದ ಬೆಕ್ಕನ್ನೂ ಡಾಂಬರಿನಿಂದ ಬೇರ್ಪಡಿಸಿ ನೋಡಲು 4,500ರಿಂದ 5,500 ಕೆಲ್ವಿನ್ ನಡುವಿನ ಬಿಳುಪು ಹೆಚ್ಚು ಅನುಕೂಲ. ನೀಲಿಯತ್ತ ವಾಲಿದ ಬೆಳಕು ಪ್ರಖರವಾಗಿ ತೋರಿದರೂ ಎದುರಿನವರ ಕಣ್ಣನ್ನು, ಅದರಲ್ಲೂ ವಯಸ್ಸಾದವರ ಕಣ್ಣನ್ನು ಹೆಚ್ಚು ಕುಕ್ಕುತ್ತದೆ.

ಎಲ್‌ಇಡಿ ಹಾಕಿದ ಮೇಲೆ ಎದುರಾಗುವ ತೊಡಕುಗಳು ಕೆಲವಿವೆ. ಗಾಜಿನ ಬುಡದ ಮಾದರಿಯ ಎಲ್‌ಇಡಿ ಬಲ್ಬು ಉರಿಯದಿದ್ದರೆ ಅದು ಕೆಟ್ಟಿದೆ ಎಂದೇನಲ್ಲ. ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದರಿಂದ ಬಲ್ಬನ್ನು ತಿರುಗಿಸಿ ಕೂರಿಸಿದರೆ ಹಲವು ಬಾರಿ ಉರಿಯುತ್ತದೆ. ಬಲ್ಬುಗಳ ಮೇಲೆ ಕಂಪ್ಯೂಟರಿನಿಂದ ನಿಗಾ ಇಡುವ ಹೊಸ ಕಾರುಗಳಲ್ಲಿ, ನಿರೀಕ್ಷೆಗಿಂತ ಕಡಿಮೆ ವಿದ್ಯುತ್ತು ಹರಿದ ಕೂಡಲೇ ಬಲ್ಬು ಹೋಗಿದೆ ಎಂಬ ಎಚ್ಚರಿಕೆ ಡ್ಯಾಶ್‌ಬೋರ್ಡಿನಲ್ಲಿ ಮೂಡುತ್ತದೆ. ಇದನ್ನು ತಪ್ಪಿಸಲು ಬಲ್ಬಿನ ಜೊತೆಗೆ ಒಂದು ರೆಸಿಸ್ಟರನ್ನು, ಅಂದರೆ ವಿದ್ಯುತ್ತನ್ನು ಶಾಖವಾಗಿ ಸುಡುವ ಪ್ರತಿರೋಧಕವನ್ನು, ಜೋಡಿಸುವವರಿದ್ದಾರೆ. ಸಾಮಾನ್ಯವಾಗಿ ಮಾರುವ 6 ಓಮ್‌ನ ರೆಸಿಸ್ಟರು 13.5 ವೋಲ್ಟಿನಲ್ಲಿ ಸುಮಾರು 30 ವ್ಯಾಟ್ ಶಾಖ ಕೊಡುವುದರಿಂದ, ಅದನ್ನು ಬಾಡಿಯ ಲೋಹದ ತಗಡಿಗೆ ಬಿಗಿಯಬೇಕೇ ಹೊರತು ಪ್ಲಾಸ್ಟಿಕ್ಕಿಗಾಗಲಿ ಡಿಕ್ಕಿಯ ಕಾರ್ಪೆಟ್ಟಿಗಾಗಲಿ ತಗುಲುವಂತೆ ಬಿಡಬಾರದು. ವಿದ್ಯುತ್ ಉಳಿಸುವ ದೀಪ ಹಾಕಿ ಉಳಿದದ್ದನ್ನು ಸುಡುವ ಈ ಏರ್ಪಾಡಿಗಿಂತ, ನಿಗಾ ವ್ಯವಸ್ಥೆಗೆ ಹೊಂದುವಂತೆ ತಯಾರಾದ ಬಲ್ಬು ಆರಿಸುವುದೇ ಮೇಲು. ಅಗ್ಗದ ಎಲ್‌ಇಡಿಗಳ ಒಳಗಿನ ಮಂಡಲ ರೇಡಿಯೊದಲ್ಲಿ ಗೊರಗೊರ ಸದ್ದನ್ನೂ, ರಿವರ್ಸ್ ಲೈಟಿನ ವೈರಿನಿಂದಲೇ ವಿದ್ಯುತ್ ಪಡೆಯುವ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಗೆರೆಗಳನ್ನೂ ತರಬಹುದು.

ಹಾಗಾದರೆ ಬೆಳಕಿನ ಮಿತಿ ಎಲ್ಲಿಯವರೆಗೆ? ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವಾಹನ ನಿಯಮಾವಳಿಗಳಲ್ಲಿ 23ನೆಯದು ರಿವರ್ಸ್ ಲೈಟಿಗೆ ಮೀಸಲು, ಭಾರತದ ಮಾನದಂಡಗಳೂ ಬಹುಮಟ್ಟಿಗೆ ಅದೇ ಜಾಡಿನವು. ಅದರಂತೆ ದೀಪದ ನೇರಕ್ಕೆ ಕನಿಷ್ಠ 80 ಕ್ಯಾಂಡೆಲಾ ಇರಬೇಕು. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿನಲ್ಲಿ ಬೆಳಕಿಗಿರುವ ತೀವ್ರತೆ. ದೀಪದ ಮಟ್ಟದಲ್ಲಿ ಮತ್ತು ಅದಕ್ಕಿಂತ ಮೇಲೆ, ಅಂದರೆ ಎದುರಿನವರ ಕಣ್ಣಿರುವ ಕಡೆಗೆ, ಅದು 300 ಕ್ಯಾಂಡೆಲಾ ಮೀರಬಾರದು. ಕೆಳಮುಖವಾಗಿ 5 ಡಿಗ್ರಿಯವರೆಗೆ 600, ಅದಕ್ಕಿಂತ ಕೆಳಗೆ, ನೆಲದ ಕಡೆಗೆ, 8,000 ಕ್ಯಾಂಡೆಲಾವರೆಗೂ ಅವಕಾಶವಿದೆ. ಕಣ್ಣಿನ ಮಟ್ಟಕ್ಕೆ ಇಷ್ಟು ಜಿಪುಣತನ, ನೆಲದ ಮಟ್ಟಕ್ಕೆ ಇಷ್ಟು ಧಾರಾಳ ತೋರಿದ ಈ ನಿಯಮದಲ್ಲಿಯೇ ಒಳ್ಳೆಯ ರಿವರ್ಸ್ ಲೈಟಿನ ಲಕ್ಷಣ ಅಡಗಿದೆ. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ನಾಲ್ಕರಲ್ಲೊಂದಾಗುತ್ತದೆ ಎಂಬ ಭೌತನಿಯಮದಂತೆ 80 ಕ್ಯಾಂಡೆಲಾದ ದೀಪ ಎರಡು ಮೀಟರ್ ದೂರದ ಗೇಟಿನ ಮೇಲೆ 20 ಲಕ್ಸ್ ಬೆಳಕು ಬೀರುತ್ತದೆ, ಐದು ಮೀಟರಿಗೆ ಹೋದರೆ ಅದು 3.2 ಲಕ್ಸ್‌ಗೆ ಇಳಿಯುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಬರುವ ಕಾರು, ಚಾಲಕ ಅಪಾಯ ಕಂಡು ಬ್ರೇಕ್ ಒತ್ತಲು ತೆಗೆದುಕೊಳ್ಳುವ ಒಂದೂವರೆ ಸೆಕೆಂಡಿನಲ್ಲಿ ಎರಡು ಮೀಟರಿಗಿಂತ ತುಸು ಹೆಚ್ಚೇ ಸಾಗಿರುತ್ತದೆ. ಮೂರು ನಾಲ್ಕು ಮೀಟರಿನವರೆಗಿನ ನೆಲ ಸ್ಪಷ್ಟವಾಗಿ ಕಂಡರೆ ಕೆಲಸ ಆಯಿತು. ಐವತ್ತು ಮೀಟರ್ ಆಚೆಯ ಮನೆಯ ಕಿಟಕಿಗೆ ಬೆಳಕು ಹೊಡೆಯುವ ಅಗತ್ಯ ಯಾರಿಗೂ ಇಲ್ಲ.

ಕಾನೂನಿನ ದೃಷ್ಟಿಯಿಂದ ನೋಡಿದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೆಯ ನಿಯಮ ವಾಹನದ ಹಿಂಭಾಗಕ್ಕೆ ಕೆಂಪಲ್ಲದ ಬೆಳಕನ್ನು ತೋರಿಸಬಾರದೆಂದು ಹೇಳಿ, ನಂಬರ್ ಪ್ಲೇಟಿನ ಬಿಳಿ ದೀಪ, ಹಿಂದೆ ಸರಿಯುವಾಗಿನ ಬಿಳಿ ದೀಪ ಮುಂತಾದವುಗಳಿಗೆ ವಿನಾಯಿತಿ ಕೊಡುತ್ತದೆ. ಹಿಂದೆ ಸರಿಯುವಾಗ ಎಂಬ ಮಾತಿಗೆ ಇಲ್ಲಿ ತೂಕವಿದೆ: ಸ್ವಿಚ್ಚು ಹಾಕಿ ಬೇಕೆಂದಾಗ ಉರಿಸುವ ಬಿಳಿ ದೀಪ, ಮುಂದಕ್ಕೆ ಓಡುವಾಗಲೂ ಉರಿಯುವ ಬಿಳಿ ಪಟ್ಟಿ ಈ ವಿನಾಯಿತಿಯೊಳಗೆ ಬರುವುದಿಲ್ಲ, ಹಿಂದಿನಿಂದ ಬರುವವರಿಗೆ ಎದುರಿನಿಂದ ವಾಹನ ಬರುತ್ತಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ನೋಂದಣಿಯ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯ ನಂತರ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಇವೆ. ಅದೇ ಹೋಲ್ಡರಿಗೆ ಅದೇ ವ್ಯಾಟಿನ ಹೊಸ ಬಲ್ಬು ಹಾಕುವುದು ದುರಸ್ತಿ; ಬಂಪರಿಗೆ ತೂತು ಕೊರೆದು ಹೆಚ್ಚುವರಿ ದೀಪ ಕೂರಿಸುವುದು ಬೇರೆಯೇ ವಿಷಯ. ಕೆಎ-09 ನೋಂದಣಿಯ ವಾಹನವಿರುವ ಲಕ್ಷ್ಮೀಪುರಂನವರಿಗೆ ಆರ್‌ಟಿಒ ಕಚೇರಿ ದೂರವಿಲ್ಲ, ಅಂಥ ಕೆಲಸಕ್ಕೆ ಕೈಹಾಕುವ ಮೊದಲೇ ಅಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸರಕು ಸಾಗಿಸುವ ಪಿಕಪ್ಪು, ಜೀಪುಗಳಿಗೆ ಹೆಚ್ಚುವರಿ ದೀಪ ನಿಜವಾಗಿಯೂ ಬೇಕಾಗುವ ಸಂದರ್ಭಗಳಿವೆ. ಟ್ರ್ಯಾಕ್ಟರಿಗೆ ಉಳುಮೆಯ ಕೆಲಸದಲ್ಲಿ ಬೇಕಾಗುವ ಹಿಂದಿನ ದೀಪವನ್ನಂತೂ 108ನೆಯ ನಿಯಮವೇ ಪ್ರತ್ಯೇಕವಾಗಿ ಗುರುತಿಸಿದೆ. ಅನುಮತಿ ಪಡೆದು ಅಂಥ ದೀಪ ಹಾಕಿಸುವವರು ರಿಲೇ ಬಳಸಲೇಬೇಕು. ರಿಲೇ ಎಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಕಿ ತೆಗೆಯುವ ವಿದ್ಯುತ್ಕಾಂತದ ಸ್ವಿಚ್ಚು. ಎರಡು ರಿವರ್ಸ್ ಬಲ್ಬುಗಳಿಗೆ ಬೇಕಾಗುವ ಸುಮಾರು 4 ಆಂಪಿಯರಿಗೆಂದು ಎಳೆದ ತೆಳು ವೈರಿಗೆ, ಗೇರ್‌ಬಾಕ್ಸಿನಲ್ಲಿರುವ ಪುಟ್ಟ ರಿವರ್ಸ್ ಸ್ವಿಚ್ಚಿಗೆ 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳ 8–9 ಆಂಪಿಯರನ್ನು ಹೇರಿದರೆ ಮೊದಲು ಫ್ಯೂಸು ಹೋಗುತ್ತದೆ. ಫ್ಯೂಸು ಹೋಯಿತೆಂದು ದೊಡ್ಡದನ್ನು ಹಾಕಿದರೆ ಸ್ವಿಚ್ಚು ಅಥವಾ ವೈರು ಸುಡುತ್ತದೆ. ರಿಲೇಯ 85 ಮತ್ತು 86ನೆಯ ಕಾಲುಗಳಲ್ಲಿ ಒಂದಕ್ಕೆ ರಿವರ್ಸ್ ಲೈಟಿನ ವೈರು, ಇನ್ನೊಂದಕ್ಕೆ ಅರ್ಥ್, 30ನೆಯ ಕಾಲಿಗೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ದಪ್ಪ ವೈರು, 87ರಿಂದ ದೀಪಕ್ಕೆ: ಆಟೊ ಎಲೆಕ್ಟ್ರಿಷಿಯನ್ನರಿಗೆ ಇದು ಬಾಯಿಪಾಠ. ಫ್ಯೂಸು ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಕ್ಷೇಮ. ದೀಪವನ್ನು ನೆಲದತ್ತ ಬಾಗಿಸಿ ಕೂರಿಸಬೇಕು, ಬೆಳಕನ್ನು ದೂರಕ್ಕೆ ಚುಚ್ಚುವ ಸ್ಪಾಟ್ ಮಾದರಿಯ ಬದಲು ಅಗಲಕ್ಕೆ ಹರಡುವ ಫ್ಲಡ್ ಮಾದರಿಯನ್ನೇ ಆರಿಸಬೇಕು.

ಮಳೆಯ ರಾತ್ರಿಗಳಲ್ಲಿ ಎಂಥ ದೀಪವೂ ಮಂಕಾದಂತೆ ತೋರುವುದಕ್ಕೆ ಬೇರೆಯೇ ಕಾರಣವಿದೆ. ಒಣಗಿದ ಡಾಂಬರು ಒರಟಾಗಿರುವುದರಿಂದ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚದುರಿಸಿ, ಒಂದಿಷ್ಟನ್ನು ಚಾಲಕನ ಕಣ್ಣಿಗೂ ಮರಳಿಸುತ್ತದೆ. ಅದರ ಮೇಲೆ ನೀರಿನ ಪದರ ನಿಂತಾಗ ರಸ್ತೆ ಕನ್ನಡಿಯಂತಾಗಿ ಬೆಳಕೆಲ್ಲ ಆಚೆಗೆ ಜಾರಿಹೋಗುತ್ತದೆ, ಚಾಲಕನಿಗೆ ಕಪ್ಪು ನೆಲ ಮಾತ್ರ ಕಾಣುತ್ತದೆ. ಆಗ ಶಕ್ತಿ ಹೆಚ್ಚಿಸಿದರೆ ಹೆಚ್ಚುವುದು ಎದುರಿನವರಿಗೆ ಕುಕ್ಕುವ ಹೊಳಪಷ್ಟೇ. ಹಿಂದಿನ ಗಾಜಿನ ವೈಪರು, ಗಾಜಿನ ಹಬೆ ತೆಗೆಯುವ ಡಿಫಾಗರು, ಕ್ಯಾಮೆರಾದ ಲೆನ್ಸಿನ ಮೇಲೆ ಕೂತ ಹನಿಯನ್ನು ಒರೆಸುವ ಮೆತ್ತನೆಯ ಬಟ್ಟೆ ಇವೇ ಅಂಥ ಹೊತ್ತಿನಲ್ಲಿ ನೆರವಾಗುತ್ತವೆ. ಗೇಟಿನ ಕಂಬಗಳಿಗೆ, ಚಪ್ಪಡಿಯ ಅಂಚಿಗೆ ಪ್ರತಿಫಲಿಸುವ ಪಟ್ಟಿ ಅಂಟಿಸಿದರೆ ಮಳೆಯಲ್ಲಿಯೂ ಅವು ರಿವರ್ಸ್ ಲೈಟಿನ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತವೆ. ಕಾರಿಗೆ ಏನನ್ನೂ ಜೋಡಿಸದೆ ಆಗುವ ಈ ಸುಧಾರಣೆಗೆ ಯಾರ ಅನುಮತಿಯೂ ಬೇಡ.

ಕೆಲಸ ಮುಗಿದ ಮೇಲೆ ಪರೀಕ್ಷೆ ಕತ್ತಲಲ್ಲಿಯೇ ಆಗಬೇಕು. ನೆಲ ಸಮವಾಗಿರುವ ಕಡೆ ಎಂಜಿನ್ ಚಾಲೂ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲು ಒತ್ತಿಹಿಡಿದು ರಿವರ್ಸ್ ಗೇರ್ ಹಾಕಬೇಕು. ಬಂಪರಿನಿಂದ ಎರಡು, ಮೂರು, ನಾಲ್ಕು ಮೀಟರ್ ದೂರದಲ್ಲಿ ಮಗುವಿನ ಎತ್ತರದ ಬೂದುಬಣ್ಣದ ರಟ್ಟಿನ ಪೆಟ್ಟಿಗೆಯನ್ನು ಮೊದಲೇ ಇಟ್ಟು ಗುರುತು ಮಾಡಿಕೊಂಡಿದ್ದರೆ, ಎರಡು ಪಕ್ಕದ ಕನ್ನಡಿಗಳಲ್ಲಿ, ಹಿಂದಿನ ಗಾಜಿನಲ್ಲಿ ಮತ್ತು ಕ್ಯಾಮೆರಾದಲ್ಲಿ ಅದು ಎಲ್ಲಿಯವರೆಗೆ ಕಾಣುತ್ತದೆ, ಎಲ್ಲಿ ಮರೆಯಾಗುತ್ತದೆ ಎಂಬುದು ತಿಳಿಯುತ್ತದೆ. ಗಾಡಿ ಹಿಂದಕ್ಕೆ ಜಾರಬಹುದಾದ್ದರಿಂದ ಈ ಪರೀಕ್ಷೆಗೆ ಕಾರಿನ ಹಿಂದೆ ಮನುಷ್ಯರನ್ನು ನಿಲ್ಲಿಸಬಾರದು. ಹೊಸ ಬೆಳಕು ಕುಕ್ಕುತ್ತದೆಯೇ ಎಂದು ನೋಡುವವರು ಕಾರಿನ ನೇರಕ್ಕೆ ಬಾರದೆ, ಹತ್ತು ಮೀಟರ್ ಆಚೆ ರಸ್ತೆಯ ಅಂಚಿನಲ್ಲಿ ಬೇಕಾದಾಗ ಬದಿಗೆ ಸರಿಯಬಹುದಾದ ಕಡೆ ನಿಂತು ನೋಡಬೇಕು. ಅಲ್ಲಿಂದ ಕಾರಿನ ನಂಬರ್ ಪ್ಲೇಟು ಓದಲಾಗದಷ್ಟು ಹೊಳಪಿದ್ದರೆ ಬಲ್ಬು ಆ ದೀಪಕ್ಕೆ ತಕ್ಕದ್ದಲ್ಲ, ಅದನ್ನು ಹಿಂದಿರುಗಿಸುವುದೇ ಸರಿ. ಕೊನೆಗೆ ಗೇರನ್ನು ನ್ಯೂಟ್ರಲ್ಲಿಗೆ ತಂದಾಗ ರಿವರ್ಸ್ ಲೈಟು ಕೂಡಲೇ ಆರಬೇಕು. ಮಸುಕಾಗಿ ಉರಿಯುತ್ತಲೇ ಇದ್ದರೆ ವೈರಿಂಗಿನಲ್ಲಿ ಎಲ್ಲಿಂದಲೋ ವಿದ್ಯುತ್ತು ಸೋರುತ್ತಿದೆ, ಪೂರ್ತಿ ಉರಿಯುತ್ತಿದ್ದರೆ ಗೇರ್‌ಬಾಕ್ಸಿನ ರಿವರ್ಸ್ ಸ್ವಿಚ್ಚು ಅಂಟಿಕೊಂಡಿದೆ ಎಂದು ತಿಳಿದು, ಕಾರನ್ನು ಮತ್ತೆ ರಸ್ತೆಗೆ ಇಳಿಸುವ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.